ಏಳನೆಯ ಖಣ

ನವೆಂಬರ್ 3, 2025, ಸೋಮವಾರ

ಕೊನೆಗೂ ಏಳನೆಯ ಭಾಗ ಬಂತು. ಆರುನೂರ ಎಂಬತ್ತು ಪುಟ. ಇವತ್ತೇ ಲಿಫ್ಟ್ ಕೆಡಬೇಕಿತ್ತೇ? ನಾಲ್ಕು ಮಹಡಿ ಹೊತ್ತುಕೊಂಡು ಹತ್ತಿದೆ. ಬೀಗಕ್ಕೆ ಕೀಲಿ ಹಾಕುವ ಮೊದಲೇ ಅವ್ವ ಒಳಗಿನಿಂದ, "ಬಂತೇನವಾ?" ಅಂದರು. ಗ್ಲಾಕೋಮಾ ಕಣ್ಣು ತಿಂದ ಮೇಲೆ ಈ ಮುದುಕಿಯ ಕಿವಿ ಇಡೀ ಬಿಲ್ಡಿಂಗಿನ ಮೇಲೆ ಕಾವಲಿರುತ್ತದೆ.

ಹೊಸ ನೋಟ್‌ಬುಕ್ ತೆಗೆದಿದ್ದೇನೆ. ಕೊಟ್ಟಿರುವುದನ್ನು ಮೊದಲು ಬರೆದುಕೊಳ್ಳಿ, ಆಮೇಲೆ ಲೆಕ್ಕ ಮಾಡಿ ಎಂದು ದಿನಾ ಮಕ್ಕಳ ಮೇಲೆ ರೇಗುವ ಟೀಚರ್ ನಾನು. ಆದ್ದರಿಂದ ಬರೆದುಕೊಳ್ಳುತ್ತೇನೆ. ಅವ್ವ ಎಂದರೆ ನನ್ನ ಅತ್ತೆ, ರುದ್ರವ್ವ, ವಿಜಯಪುರದವರು, ವಯಸ್ಸು ಎಪ್ಪತ್ತೆಂಟು. ಎಂಟು ವರ್ಷದ ಹಿಂದೆ ಅವರ ಕಣ್ಣು ಮಂಜಾದಾಗ ಮಗಳು ಪ್ರಣೀತಾಳ ಕಪಾಟಿನಿಂದ ಇಂಗ್ಲಿಷ್ ಮಾಯಾಲೋಕದ ಕಾದಂಬರಿ ಮಾಲೆಯೊಂದರ ಮೊದಲ ಭಾಗ ತೆಗೆದು, ಹೊತ್ತು ಕಳೆಯಲಿ ಎಂದು ಕನ್ನಡದಲ್ಲಿ ಹೇಳತೊಡಗಿದೆ. ಕಣ್ಣು ಇಂಗ್ಲಿಷಿನಲ್ಲಿ, ಬಾಯಿ ಕನ್ನಡದಲ್ಲಿ. ಅವ್ವ ಅದನ್ನು ಪುರಾಣ ಮಾಡಿಬಿಟ್ಟರು. ಓದುವಾಗ ನಾನು ತಲೆಯ ಮೇಲೆ ಸೆರಗು ಹೊದೆಯಬೇಕು. ಅವರು ಹೂಂ ಅನ್ನುತ್ತಾರೆ. ಅಧ್ಯಾಯಕ್ಕೆ ಸಂಧಿ ಅನ್ನಬೇಕು, ಒಂದನ್ನೂ ಹಾರಿಸುವಂತಿಲ್ಲ, ಹಾರಿಸಿದರೆ ಪಾಪ ಓದಿದವರಿಗೆ. ಪುಸ್ತಕ ಮುಗಿದ ದಿನ ಪುರಾಣ ಮಂಗಲ. ಊರಿನಲ್ಲಿ ಪುರಾಣ ಹೇಳಿದ ಅಯ್ಯನವರಿಗೆ ಶಾಲು ಹೊದಿಸುತ್ತಿದ್ದರಂತೆ, ನನಗೆ ಒಂದು ತೆಂಗಿನಕಾಯಿ, ಒಂದು ಗುಳೇದಗುಡ್ಡದ ಖಣ. ಆರು ಪುಸ್ತಕಕ್ಕೆ ಆರು ಖಣ ಬಂದಿವೆ. ನಾಲ್ಕನ್ನು ರವಿಕೆ ಹೊಲಿಸಿಕೊಂಡಿದ್ದೇನೆ, ಎರಡು ಕಪಾಟಿನಲ್ಲಿವೆ.

ಏಳನೆಯದನ್ನೂ ಆಗಲೇ ತರಿಸಿಟ್ಟಿದ್ದಾರೆ. ಇವತ್ತು ದಿಂಬಿನ ಕೆಳಗಿನಿಂದ ತೆಗೆದು ನನ್ನ ಬೆರಳಿನಿಂದ ಸವರಿಸಿದರು. ಕಡುನೇರಳೆ, ಕೆಂಪು ದಡಿ.

"ನಾಳಿ ಮಂಗಳವಾರ, ಬ್ಯಾಡ. ಬುಧವಾರ ಹಚ್ಚು," ಅಂದರು.

ನವೆಂಬರ್ 5, ಬುಧವಾರ

ಶುರುವಾಯಿತು. ನಾಲ್ಕು ಗಂಟೆಯ ಚಹಾ, ಆಮೇಲೆ ಸೆರಗು, ಆಮೇಲೆ ಸಂಧಿ ಒಂದು.

ಕಥೆ ಇಷ್ಟು: ಮಗನನ್ನು ಕಳೆದುಕೊಂಡ ರಾಣಿಯೊಬ್ಬಳು ಅವನನ್ನು ಹುಡುಕುತ್ತ ಏಳು ರಾಜ್ಯ ದಾಟುತ್ತಾಳೆ. ರಾಣಿಯ ಹೆಸರು ಅವ್ವನ ನಾಲಿಗೆಗೆ ಹೊರಳಲಿಲ್ಲ, ದೊರೆಸಾನಿ ಆದಳು. ರಾಣಿಯ ಜೊತೆ ಮೊದಲ ಪುಟದಿಂದ ದೀಪ ಹಿಡಿದು ನಡೆಯುವ ಗೆಳತಿ ನಿಂಗವ್ವ ಆದಳು. ಡ್ರ್ಯಾಗನ್‌ಗೆ ರೆಕ್ಕಿ ಹಾವು ಅನ್ನುತ್ತೇವೆ. ನಿಂಗವ್ವನೆಂದರೆ ನಮ್ಮಿಬ್ಬರಿಗೂ ಜೀವ. ಹಸಿದಾಗ ಅವಳು ರಾಣಿಗೆ ರೊಟ್ಟಿ ಕೊಟ್ಟು ತಾನು ನೀರು ಕುಡಿಯುತ್ತಾಳೆ. "ಹಿಂತಾಕಿ ಒಬ್ಬಾಕಿ ಇದ್ರ ಸಾಕವಾ ಮನ್ಯಾಗ," ಎಂದು ಅವ್ವ ಅವಳ ಮಾತು ಬಂದಾಗಲೆಲ್ಲ ನನ್ನ ಮೊಣಕಾಲು ತಟ್ಟುತ್ತಾರೆ.

ಇವತ್ತೂ ತಟ್ಟಿದರು. ಹಾಗೇ ಕೇಳಿದರು, "ಈ ಪುಸ್ತಕದಾಗರ ಆಕಿ ದೀಪದ ಪೆಟಗಿ ತೆಗೀತಾಳೋ ಇಲ್ಲೋ?" ಮೂರನೆಯ ಭಾಗದಲ್ಲಿ ಸೇತುವೆಯ ಮೇಲೆ ಒಬ್ಬ ದೂತ ಬಂದು ನಿಂಗವ್ವನ ಕೈಗೆ ಏನನ್ನೋ ಕೊಡುತ್ತಾನೆ, ಅವಳು ಅದನ್ನು ದೀಪದ ಪೆಟ್ಟಿಗೆಯಲ್ಲಿ ಇಡುತ್ತಾಳೆ. ಒಂದೇ ಒಂದು ಸಾಲು. ಐದು ವರ್ಷದ ಹಿಂದೆ ಓದಿದ್ದು, ನನಗೆ ಮರೆತೇ ಹೋಗಿತ್ತು.

ನವೆಂಬರ್ 8, ಶನಿವಾರ

ಪುರಾಣಿಕಳು ಒಂದು ಸಂಧಿ ಮುಂದಿರಬೇಕು, ನಿಜ. ನಾನು ಇಡೀ ಪುಸ್ತಕ ಮುಗಿಸಿಬಿಟ್ಟೆ. ಲೋಕಲ್ ರೈಲಿನಲ್ಲಿ, ಸ್ಟಾಫ್ ರೂಮಿನಲ್ಲಿ, ಕುಕ್ಕರ್ ಮುಂದೆ ನಿಂತು ಓದಿದೆ. ಬೇಳೆ ತಳ ಹಿಡಿಯಿತು.

ಈ ಲೇಖಕಿಗೆ ತಲೆ ಸರಿ ಇದೆಯೇ?

ಪೆಟ್ಟಿಗೆಯಲ್ಲಿದ್ದದ್ದು ಮಗನ ಪತ್ರಗಳು. ಒಂದಲ್ಲ, ಹನ್ನೆರಡು. ಎಲ್ಲಿದ್ದೇನೆ, ಹೇಗೆ ಬರಬೇಕು ಎಂದೆಲ್ಲ ಬರೆದ ಪತ್ರಗಳು. ನಿಂಗವ್ವ ಒಂದನ್ನೂ ಕೊಟ್ಟಿಲ್ಲ. ಮಗ ಸಿಕ್ಕರೆ ರಾಣಿಗೆ ತಾನು ಬೇಡವಾಗುತ್ತೇನೆ ಎಂದು ಅವಳಿಗೆ ಭಯ. ಮೂವತ್ತೊಂದನೆಯ ಸಂಧಿಯಲ್ಲಿ ಪೆಟ್ಟಿಗೆ ತೆರೆದು ತಾನೇ ಹೇಳುತ್ತಾಳೆ. ರಾಣಿ ಬಂದರಿಗೆ ಓಡುತ್ತಾಳೆ, ಅಷ್ಟರಲ್ಲಿ ಹಡಗು ಹೊರಟುಹೋಗಿರುತ್ತದೆ. ಮಗ ಸಿಗುವುದೇ ಇಲ್ಲ. ಅದಾದ ಮೇಲೂ ರಾಣಿ ನಿಂಗವ್ವನನ್ನು ಕ್ಷಮಿಸುತ್ತಾಳೆ, ಒಂದೇ ವಾಕ್ಯದಲ್ಲಿ: ನಿನ್ನ ದೀಪದಲ್ಲೇ ನಾನು ಇಲ್ಲಿಯವರೆಗೆ ನಡೆದೆ.

ಆರು ಪುಸ್ತಕದುದ್ದಕ್ಕೂ ಚಿನ್ನದಂಥ ಹೆಂಗಸು. ಏಳನೆಯದರಲ್ಲಿ ಅವಳ ಮುಖಕ್ಕೆ ಮಸಿ. ಓದುಗರನ್ನು ಬೆಚ್ಚಿಬೀಳಿಸುವ ಚಟ, ಬೇರೇನೂ ಅಲ್ಲ.

ಪ್ರಣೀತಾ ಎರಡೇ ದಿನದಲ್ಲಿ ಮೊಬೈಲಿನಲ್ಲಿ ಓದಿ ಮುಗಿಸಿದ್ದಾಳೆ. ಅವಳಿಗೆ ಈ ಸಂಧಿಯೇ ಇಷ್ಟ. "ಅಮ್ಮಾ, ಪೂರಾ ಸೀರೀಸ್ ಇದಕ್ಕೇ ಬರೆದಿದ್ದು ಯಾರ್. ಅವಳು ಗುಡ್ ಇದ್ಲು, ಅದಕ್ಕೇ ತೋ ಅಷ್ಟು ನೋವಾಗತ್ತೆ," ಅಂದಳು. ಹತ್ತೊಂಬತ್ತು ವರ್ಷಕ್ಕೆ ಎಲ್ಲ ಗೊತ್ತಿರುತ್ತದೆ.

ಆ ಕ್ಷಮಿಸುವ ಪುಟ ಸುಳ್ಳು ಅನ್ನಿಸುತ್ತದೆ. ಅದೊಂದನ್ನೇ ಇವತ್ತು ಆರು ಸಲ ಓದಿದೆ.

ನವೆಂಬರ್ 10, ಸೋಮವಾರ

ಸಂತು ಮೆಸೇಜ್ ಕಳಿಸಿದ್ದಾನೆ. ನಾಲ್ಕು ವರ್ಷದ ಮೇಲೆ.

ಇದನ್ನು ಎಲ್ಲಿಯೂ ಬರೆದಿಲ್ಲ, ಇವತ್ತು ಬರೆಯುತ್ತೇನೆ. ಸಂತು ನನ್ನ ಮೈದುನ, ಅವ್ವನ ಕಿರಿಯ ಮಗ. ಒಂಬತ್ತು ವರ್ಷದ ಹಿಂದೆ ಮರಾಠಿ ಹುಡುಗಿ ಸೋನಾಲಿಯನ್ನು ಯಾರಿಗೂ ಹೇಳದೆ ಮದುವೆಯಾಗಿ ಬಂದು ಬಾಗಿಲಲ್ಲಿ ನಿಂತ. ಅವ್ವ, "ನನ್ನ ಹೆಣಾ ಮುಟ್ಟಾಕೂ ಬರಬ್ಯಾಡ," ಎಂದು ಬಾಗಿಲು ಹಾಕಿದರು. ಅವನ ಮನೆ ಇರುವುದು ಘಾಟ್ಕೋಪರಿನಲ್ಲಿ. ನಾವಿರುವ ಮುಲುಂಡಿನಿಂದ ಸ್ಲೋ ಲೋಕಲ್‌ನಲ್ಲಿ ಐದು ಸ್ಟೇಷನ್. ನನ್ನ ಗಂಡ ಬಸುವಿನ ಮುಂದೆ ತಮ್ಮನ ಹೆಸರೆತ್ತಿದರೆ ಟಿವಿಯ ಸದ್ದು ಏರುತ್ತದೆ.

ಒಂದು ವರ್ಷವಾದ ಮೇಲೆ ಸಂತು ನನ್ನ ಫೋನಿಗೆ ದನಿ ರೆಕಾರ್ಡ್ ಮಾಡಿ ಕಳಿಸಿದ. "ವೈನಿ, ಅವ್ವಗ ಕೇಳಸ್ರಿ," ಎಂದು ಅತ್ತಿಗೆಯಾದ ನನಗೆ ಹೇಳಿದ್ದ. ಆಗಷ್ಟೇ ನಮ್ಮ ಓದು ಶುರುವಾಗಿ ಮೂರು ತಿಂಗಳಾಗಿತ್ತು. ಆ ದಿನ ಅವ್ವನ ಬಿಪಿ ಏರಿತ್ತು. ನಾಳೆ ಕೇಳಿಸಿದರಾಯಿತು ಎಂದುಕೊಂಡೆ. ಮರುದಿನ ಬಿಪಿ ಸರಿಯಿತ್ತು, ಆದರೂ ಕೇಳಿಸಲಿಲ್ಲ. ಅವನು ಫೋನ್ ಮಾಡಿ ಕೇಳಿದಾಗ, ಅವ್ವ ಕೇಳಲು ಒಪ್ಪಲಿಲ್ಲ ಎಂದುಬಿಟ್ಟೆ. ಅದಾದ ಮೇಲೆ ಮೂರು ಬಂದವು. ಮೊದಲಿನದೂ ಸೇರಿ ಮೂರನೆಯದು ಮಗಳನ್ನು ತೊಟ್ಟಿಲಿಗೆ ಹಾಕಲು ಕರೆದದ್ದು. ಪ್ರತಿ ಸಲವೂ ನಾನು ಅದನ್ನೇ ಹೇಳಿದೆ.

ಅವ್ವ ಸಿಟ್ಟಿನವರು, ಅವರೇ ಬೇಡ ಎಂದಿದ್ದರು, ನಾನು ಅವರ ಮಾತಿನಂತೆ ನಡೆದೆ. ಇದು ನನ್ನ ಕಡೆಯ ನ್ಯಾಯ.

ಇವತ್ತಿನದು ಐದನೆಯದು. ವಡೋದರಾಕ್ಕೆ ವರ್ಗವಾಗಿದೆಯಂತೆ. ಮೂವತ್ತನೇ ತಾರೀಕು ಸಾಮಾನು ಸಮೇತ ಹೊರಡುತ್ತಾರೆ. "ಕಡೀ ಸಲ ಕೇಳಿ ನೋಡ್ರಿ ವೈನಿ."

ನವೆಂಬರ್ 13, ಗುರುವಾರ

ಮೂರು ಸಂಧಿ ಓದಿದೆ. ಅವ್ವ ಖುಷಿಯಲ್ಲಿದ್ದಾರೆ. ಸಂತುವಿಗೆ ಉತ್ತರ ಕೊಟ್ಟಿಲ್ಲ. ಗಂಟಲು ಕೆರೆಯುತ್ತಿದೆ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದೆ.

ನವೆಂಬರ್ 17, ಸೋಮವಾರ

ಇವತ್ತು ಮೂವತ್ತೊಂದನೆಯ ಸಂಧಿ. ನಿಂಗವ್ವ ಪೆಟ್ಟಿಗೆ ತೆರೆಯುತ್ತಾಳೆ ಎನ್ನುವವರೆಗೆ ಇದ್ದದ್ದನ್ನು ಇದ್ದ ಹಾಗೇ ಓದಿದೆ. ಅವ್ವ ಹೂಂ ಅನ್ನುವುದನ್ನೂ ಮರೆತು ಮುಂದಕ್ಕೆ ಬಾಗಿ ಕೂತಿದ್ದರು.

"ಏನಿತ್ತ ಹೇಳವಾ!"

"ಎಣ್ಣಿರಿ ಅವ್ವಾ."

"ಏನು?"

"ದೀಪದ ಎಣ್ಣಿ. ಮುಂದ ಕತ್ತಲಿ ಗವಿ ಬರ್ತೈತಿ, ಅದಕ್ಕ ಉಳಿಸಿ ಇಟ್ಟಿದ್ಲು."

ಅವ್ವ ಹಿಂದಕ್ಕೆ ಒರಗಿದರು. "ನಾಕು ಪುಸ್ತಕ ಎಣ್ಣಿ ಹೊತ್ತು ತಿರಗಿದ್ಲೇನು? ಸೇತುವಿ ಮ್ಯಾಲೆ ಆ ದೂತ ಕುದರಿ ಸಾಯೂ ಹಂಗ ಓಡಿ ಬಂದು ಎಣ್ಣಿ ಕೊಟ್ಟು ಹೋದ್ನೇನು?"

ಗವಿ ಬಹಳ ದೊಡ್ಡದು ಎಂದೆ. ಮುಂದಿನ ಪುಟ ತಿರುವಿ, ಇಲ್ಲದ ಗವಿಯಲ್ಲಿ ರಾಣಿಯನ್ನು ಕಾಲು ಗಂಟೆ ನಡೆಸಿದೆ. ಇಂಗ್ಲಿಷಿನಲ್ಲಿ ಮಗನ ಪತ್ರಗಳು ಕಣ್ಣ ಮುಂದೆ ಹಾದುಹೋಗುತ್ತಿದ್ದವು, ಬಾಯಿ ಬಾವಲಿಗಳ ವಿಷಯ ಹೇಳುತ್ತಿತ್ತು. ಎಂಟು ವರ್ಷದಲ್ಲಿ ಒಂದು ಸಂಧಿಯನ್ನೂ ಹಾರಿಸಿರಲಿಲ್ಲ.

ನವೆಂಬರ್ 18, ಮಂಗಳವಾರ

ಅವ್ವ ಬೆಳಿಗ್ಗೆಯಿಂದ ಲೇಖಕಿಯ ಮೇಲೆ ಹರಿಹಾಯುತ್ತಿದ್ದಾರೆ. "ಬುದ್ಧಿ ಇಲ್ಲದಾಕಿ. ಹೇಳಿದ್ದು ತನಗ ನೆಪ್ಪಿಲ್ಲ. ಆ ಎಣ್ಣಿ ಕೆಟ್ಟು ನಾರೂದಿಲ್ಲೇನು ಅಷ್ಟು ವರ್ಷಕ್ಕ?"

"ಹಂಗ ಅನಬ್ಯಾಡ್ರಿ ಅವ್ವಾ. ಆಕಿ ಬಾಳ ಶ್ಯಾಣೆ ಇದ್ದಾಳ. ಒಂದು ಮಾತೂ ಸುಮ್ಮನ ಬರ್ದಿಲ್ಲ."

ನನ್ನ ದನಿ ಯಾಕೆ ಅಷ್ಟು ಏರಿತು, ಗೊತ್ತಾಗಲಿಲ್ಲ. ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಕೆಳಗಿಟ್ಟು ಒಂದು ಅಪರಿಚಿತ ಹೆಂಗಸಿನ ಪರ ವಾದ ಮಾಡಿದೆ. ಆ ಹೆಂಗಸು ನಾಲ್ಕು ಪುಸ್ತಕಗಳ ಹಿಂದೆಯೇ ಒಂದು ಸಾಲು ಬಿತ್ತಿ, ತಾಳ್ಮೆಯಿಂದ ಕಾದು, ಸರಿಯಾದ ಜಾಗದಲ್ಲಿ ಅದನ್ನು ಕೊಯ್ದಿದ್ದಾಳೆ. ಅದನ್ನು ಹಾಳು ಮಾಡಿದವಳು ನಾನು, ಬೈಗುಳ ಅವಳಿಗೆ.

ನವೆಂಬರ್ 20, ಗುರುವಾರ

ಪ್ರಣೀತಾ ಕಾಲೇಜಿನಿಂದ ಬೇಗ ಬಂದವಳು ಬಾಗಿಲಲ್ಲಿ ನಿಂತು ನನ್ನ ಓದು ಕೇಳಿಸಿಕೊಂಡಿದ್ದಾಳೆ. ಅವ್ವ ಬಚ್ಚಲಿಗೆ ಹೋದಾಗ ಅಡುಗೆಮನೆಗೆ ಬಂದಳು.

"ಅಮ್ಮಾ, ಯೇ ಕ್ಯಾ ಹೈ? ನೀನು ಬದಲಾಯ್ಸಿದ್ಯಾ? ನಿಂಗವ್ವ ಲೆಟರ್ ಕೊಡಲಿಲ್ಲ, ವೋ ಪೂರಾ ಕಟ್ ಮಾಡ್ಬಿಟ್ಯಾ?"

"ಅಜ್ಜಿಗೆ ಬಿಪಿ ಇದೆ."

"ಅಜ್ಜಿಗೆ ರೆಕ್ಕಿ ಹಾವು ಹತ್ತು ಸಾವಿರ ಜನಾನ ಸುಟ್ಟಾಗ ಬಿಪಿ ಇರಲಿಲ್ವಾ?" ಎಂದು ನನ್ನ ಮುಖ ನೋಡಿದಳು. ಆಮೇಲೆ ಮೆತ್ತಗೆ, "ನಿಂಗೆ ಅವಳು ಇಷ್ಟ ಅಂತ ಗೊತ್ತು. ಆದ್ರೆ ಅವಳು ಮಾಡಿದ್ದು ಮಾಡಿದ್ದೇ ನಾ?" ಅಂದಳು.

ನನ್ನ ಮಗಳಿಗೆ ಫೋನಿನ ವಿಷಯ ಏನೂ ಗೊತ್ತಿಲ್ಲ. ಅವಳು ಕಥೆಯ ಮಾತನ್ನೇ ಆಡುತ್ತಿದ್ದಳು. ನಾನು ಅವಳ ಮೇಲೆ ರೇಗಿ, ಹೋಗಿ ಬಟ್ಟೆ ಮಡಚು ಎಂದೆ. ಅವಳು ಮಡಚಿದಳು. ಅದಕ್ಕೂ ನಾಚಿಕೆಯಾಯಿತು.

ನವೆಂಬರ್ 22, ಶನಿವಾರ

ನಾಲ್ಕು ಗಂಟೆಗೆ ಪುಸ್ತಕ ತೆಗೆದೆ. ಅವ್ವ ಗೋಡೆಯ ಕಡೆ ಹೊರಳಿ ಮಲಗಿದ್ದರು.

"ಇವತ್ತ ಬ್ಯಾಡವಾ."

"ಇನ್ನ ನಲವತ್ತ ಪುಟ ಅಷ್ಟ ಉಳದಾವ್ರಿ."

"ಇರ್ಲಿ. ಕತಿ ಜೀವ ಹೋಗೇತಿ. ನೀ ಓದೂದು ನಂಗ ಕೇಳಸ್ತೈತಿ, ಅಲ್ಲಿ ಯಾರೂ ಇಲ್ಲ."

ಬಿಪಿ ಏರಿದ ದಿನ ಕೇಳಿದ್ದಾರೆ, ಜ್ವರದಲ್ಲಿ ಕೇಳಿದ್ದಾರೆ, ಲಾಕ್‌ಡೌನಿನಲ್ಲಿ ದಿನಕ್ಕೆ ಮೂರು ಸಲ ಕೇಳಿದ್ದಾರೆ. ಇವತ್ತು ಬೇಡ ಅಂದರು. ಈ ನಾಲ್ಕು ಗಂಟೆ ಉಳಿಯಲಿ ಎಂದೇ ಅಲ್ಲವೇ ನಾನು ಅದೆಲ್ಲ ಮಾಡಿದ್ದು? ಸಂತು ಬಂದರೆ ಅವ್ವನ ಪಕ್ಕದ ಜಾಗ ಅವನದಾಗುತ್ತದೆ ಎಂದು. ಮದುವೆಯಾಗಿ ಹನ್ನೆರಡು ವರ್ಷ ನನ್ನನ್ನು ಹೆಸರು ಹಿಡಿದು ಕೂಡ ಕರೆಯದಿದ್ದವರು ಓದು ಶುರುವಾದ ಮೇಲೆ 'ಶುಭಾ' ಅನ್ನತೊಡಗಿದರು ಎಂದು.

ಬರೆದೇಬಿಟ್ಟೆ. ನ್ಯಾಯವೂ ಇಲ್ಲ, ಬಿಪಿಯೂ ಇಲ್ಲ. ಇಷ್ಟೇ.

ನವೆಂಬರ್ 23, ಭಾನುವಾರ

ಬಸು ಗೋರೆಗಾಂವಿಗೆ ಗೆಳೆಯನ ಮನೆಗೆ ಹೋಗಿದ್ದರು. ಪ್ರಣೀತಾ ಕ್ಲಾಸಿಗೆ ಹೋಗಿದ್ದಳು. ಊಟವಾದ ಕೂಡಲೇ ಸೆರಗು ಹೊದ್ದು ಅವ್ವನ ಮುಂದೆ ಕೂತೆ.

"ಅವ್ವಾ, ಮೂವತ್ತೊಂದನೇ ಸಂಧಿ ನಾ ತಪ್ಪು ಓದೀನಿ. ಮತ್ತ ಓದ್ತೀನಿ."

ಅವ್ವ ಎದ್ದು ಕೂತರು.

ಪೆಟ್ಟಿಗೆಯಲ್ಲಿ ಪತ್ರಗಳಿದ್ದವು ಎಂದಾಗ ಅವ್ವ, "ಹಾಂ!" ಎಂದು ತೊಡೆ ತಟ್ಟಿಕೊಂಡರು. "ನಾ ಅಂದಿದ್ದಿಲ್ಲ? ಎಣ್ಣಿ ಅಂತ ಎಣ್ಣಿ!" ಲೇಖಕಿಯ ಮಾನ ಉಳಿಯಿತು. ಆಮೇಲೆ ಅವು ಯಾರ ಪತ್ರ, ನಿಂಗವ್ವ ಯಾಕೆ ಕೊಡಲಿಲ್ಲ ಎನ್ನುವುದು ಬರುತ್ತಿದ್ದಂತೆ ಅವರ ಮುಖದ ಗೆಲುವು ನಿಧಾನವಾಗಿ ಇಳಿಯಿತು. ಹೂಂ ನಿಂತಿತು. ಬಂದರು, ಹಡಗು, ಖಾಲಿ ನೀರು, ಎಲ್ಲ ಓದಿದೆ. ಕ್ಷಮಿಸುವ ಪುಟದ ಹತ್ತಿರ ಬಂದು ಪುಸ್ತಕ ಮುಚ್ಚಿದೆ. ಅದನ್ನು ಓದುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ.

ಫೋನ್ ತೆಗೆದು ಅವರ ಕೈಯಲ್ಲಿಟ್ಟೆ. ಈ ಎಂಟು ವರ್ಷದಲ್ಲಿ ಎರಡು ಸಲ ಫೋನ್ ಬದಲಾಯಿಸಿದ್ದೇನೆ. ಎರಡು ಸಲವೂ ಅಂಗಡಿಯವನ ಮುಂದೆ ನಿಂತು ಆ ಮೆಸೇಜುಗಳು ಬಂದಿವೆಯೇ ಎಂದು ನೋಡಿಕೊಂಡಿದ್ದೇನೆ. ಅಳಿಸಲೂ ಇಲ್ಲ, ಕೇಳಿಸಲೂ ಇಲ್ಲ.

"ಏನಿದು?"

"ಸಂತೂಂದು. ನಿಮಗಂತ ಕಳಿಸಿದ್ದು. ನಾ ಕೇಳಸ್ಲಿಲ್ಲ. ನೀವ ಒಲ್ಲೆ ಅಂದ್ರಿ ಅಂತ ಅವಗ ಹೇಳಿದೆ."

ಐದನ್ನೂ ಸಾಲಾಗಿ ಹಚ್ಚಿದೆ. ಅವನ ದನಿ ಕೇಳಿದ್ದೇ ಅವ್ವ ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ಅವ್ವಾ, ಹೆಣ್ಣು ಕೂಸು. ಶುಕ್ರವಾರ ತೊಟ್ಟಲಕ್ಕ ಹಾಕ್ತೀವಿ. ನೀ ಬಂದು ಕಿವ್ಯಾಗ ಹೆಸರು ಹೇಳಬೇಕು. ನೀ ಬರೂತನಾ ಹೆಸರು ಇಡೂದಿಲ್ಲ ನಾವು." ಅದನ್ನು ಮತ್ತೆ ಹಚ್ಚು ಅಂದರು. ನಾಲ್ಕು ಸಲ ಹಚ್ಚಿದೆ.

"ಕೂಸು ಎಷ್ಟು ದೊಡ್ಡದಾತು?"

"ಆರು ವರ್ಷ. ಅಕ್ಷತಾ ಅಂತ. ಅಕ್ಕು ಅಂತಾರ."

ಅವ್ವ ಫೋನಿನ ಗಾಜನ್ನು ಹೆಬ್ಬೆರಳಿನಿಂದ ಸವರಿದರು. ಕೆಳಗೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಆಮೇಲೆ ಕೇಳಿದರು, "ದೊರೆಸಾನಿ ಏನ ಮಾಡಿದ್ಲು ನಿಂಗವ್ವಗ?"

"ಕ್ಷಮಿಸಿದ್ಲು."

"ಆಕಿ ದೊರೆಸಾನಿ," ಅಂದರು ಅವ್ವ. "ನಾ ಅಲ್ಲ."

ಫೋನನ್ನು ನನ್ನ ಕಡೆ ಚಾಚಿದರು. "ಹಚ್ಚು ಅವಗ."

ನವೆಂಬರ್ 24, ಸೋಮವಾರ

ಅವ್ವ ನನ್ನ ಕೈಯ ಚಹಾ ಕುಡಿದರು. ನಿನ್ನೆ ಸಂತುವಿನ ಜೊತೆ ಫೋನಿನಲ್ಲಿ ಮಾತಾಡಿದವರು ನನ್ನೊಡನೆ ಮಾತಾಡಲಿಲ್ಲ. ಬಸುವಿಗೆ ರಾತ್ರಿಯೇ ಎಲ್ಲ ಹೇಳಿದ್ದೆ. ಅವರು ಟಿವಿ ಹಚ್ಚಲಿಲ್ಲ. ನಾಲ್ಕು ಗಂಟೆಗೆ ಏನು ಮಾಡಬೇಕೋ ತಿಳಿಯದೆ ಉತ್ತರಪತ್ರಿಕೆ ತಿದ್ದಿದೆ. ಒಂದು ಹುಡುಗಿಗೆ ಸರಿಯಾದ ಉತ್ತರಕ್ಕೆ ಸೊನ್ನೆ ಹಾಕಿ, ಆಮೇಲೆ ನೋಡಿ ಸರಿ ಮಾಡಿದೆ.

ನವೆಂಬರ್ 25, ಮಂಗಳವಾರ

ಮಂಗಳವಾರ ಏನನ್ನೂ ಶುರು ಮಾಡದ ಅವ್ವ ಇವತ್ತೇ ಸಂತುವಿನ ಮನೆಗೆ ಹೋಗಬೇಕು ಅಂದರು. "ಪುಸ್ತಕ ತಗೋ," ಎಂದಷ್ಟೇ ನನಗೆ ಹೇಳಿದರು. ಎರಡು ದಿನದಲ್ಲಿ ನನ್ನೊಡನೆ ಆಡಿದ ಮೊದಲ ಮಾತು ಅದು.

ಮಧ್ಯಾಹ್ನದ ಸ್ಲೋ ಲೋಕಲ್. ಅವ್ವನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹತ್ತುವಾಗ, ಇಳಿಯುವಾಗ ನನ್ನ ತೋಳು ಹಿಡಿದರು, ಬೇರೆ ದಾರಿ ಇರಲಿಲ್ಲ. ಮಡಿಲಲ್ಲಿ ಚೀಲ. ಚೀಲದ ಬಾಯಿಯಲ್ಲಿ ಕಡುನೇರಳೆ ಖಣದ ಅಂಚು ಕಾಣುತ್ತಿತ್ತು. ನೋಡಬಾರದು ಎಂದುಕೊಂಡರೂ ನೋಡುತ್ತಲೇ ಇದ್ದೆ.

ಸೋನಾಲಿ ಬಾಗಿಲು ತೆಗೆದಳು. ಹಿಂದೆ ರಟ್ಟಿನ ಪೆಟ್ಟಿಗೆಗಳ ಸಾಲು. ಸಂತು ಅವುಗಳ ನಡುವೆ ನಿಂತಿದ್ದ, ಕೂದಲು ಹಣ್ಣಾಗಿದೆ. ಅವ್ವ ಗಾಳಿಯಲ್ಲಿ ಕೈ ಚಾಚಿದರು. ಅವನು ಬಂದು ಬಗ್ಗಿದ, ಅವರು ಅವನ ಮುಖವನ್ನೆಲ್ಲ ಬೆರಳಿನಿಂದ ನೋಡಿದರು. "ಸೊರಗೀಯಲೋ," ಅಂದರು. ಅವನು ಅತ್ತುಬಿಟ್ಟ. ನಾನು ಚಪ್ಪಲಿ ಬಿಡುವ ಜಾಗದಲ್ಲೇ ನಿಂತಿದ್ದೆ.

ಅವ್ವ ಸೋನಾಲಿಯನ್ನು ಹತ್ತಿರ ಕರೆದು ತೆಂಗಿನಕಾಯಿ, ಖಣ ಅವಳ ಸೆರಗಿಗೆ ಹಾಕಿದರು. ಏಳನೆಯ ಖಣ. ಅದು ಅವಳಿಗೇ ಸೇರಬೇಕಾದದ್ದು. ಹಾಗಂತ ನನಗೆ ನೋವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಇನ್ನು ಸುಳ್ಳು ಸಾಕು.

ಅಕ್ಕು ಅಜ್ಜಿಯ ಪಕ್ಕ ಅಂಟಿಕೊಂಡು ಕೂತಿದ್ದಳು. ಅವ್ವ ಅವಳ ಕಿವಿಗೆ ಬಾಯಿಟ್ಟು ಅವಳ ಹೆಸರನ್ನು ಮೂರು ಸಲ ಹೇಳಿದರು, ತೊಟ್ಟಿಲಲ್ಲಿ ಹೇಳುವ ಹಾಗೆ. ಹುಡುಗಿ ಕಚಗುಳಿಯಾಗಿ ನಕ್ಕು, "ಮಾಲೂಮ್ ಹೈ ನಾ, ಅಜ್ಜಿ!" ಅಂದಳು, ತನ್ನ ಹೆಸರು ತನಗೆ ಗೊತ್ತಿಲ್ಲವೇ ಎನ್ನುವ ಹಾಗೆ. ಚಹಾ ಆಯಿತು. ಸಂತು ನನ್ನ ಕಡೆ ನೋಡಿರಲಿಲ್ಲ. ಗೋಡೆಯ ಗಡಿಯಾರ ನಾಲ್ಕು ತೋರಿಸುತ್ತಿತ್ತು.

"ಶುಭಾ," ಅಂದರು ಅವ್ವ. "ಪುಸ್ತಕ ತಗಿ. ಮೂವತ್ತೊಂದನೇ ಸಂಧಿ."

"ಅವ್ವಾ, ಅದು ಓದಿ ಆತಲ್ರಿ."

"ನಾ ಕೇಳೀನಿ. ಇಂವ ಕೇಳಿಲ್ಲ."

ಆಮೇಲೆ ಅಕ್ಕುವಿಗೆ ಹೂಂ ಅನ್ನುವುದು ಹೇಗೆ, ಎಲ್ಲೆಲ್ಲಿ ಅನ್ನಬೇಕು ಎಂದು ಹೇಳಿಕೊಟ್ಟರು. ನಾನು ಸೆರಗು ಹೊದ್ದು ನೆಲದ ಮೇಲೆ ಕೂತೆ. ಪೆಟ್ಟಿಗೆ, ಪತ್ರ, ಭಯ, ಬಂದರು, ಒಂದನ್ನೂ ಬಿಡದೆ ಓದಿದೆ. ಒಂದೇ ಒಂದು ಪದ ಬದಲಾಯಿಸಿದೆ. ನಿಂಗವ್ವ ಎಂದು ಇದ್ದ ಕಡೆಯೆಲ್ಲ ನಾನು ಎಂದು ಓದಿದೆ.

ಅವ್ವ ತಿದ್ದಲಿಲ್ಲ. ಸಂತು ತಲೆ ಎತ್ತಿ ನೋಡಿದ. ಅಕ್ಕು ಹೂಂ ಅಂದಳು.